ದಿವಾನದ ಕೆಳಗಿನ 486 ಪ್ರತಿಗಳು

"ಸಾವಿರ ಮಾಡಿಸಿಬಿಡಿ ಮೇಡಂ. ಐನೂರಕ್ಕೆ ಮೂವತ್ನಾಲ್ಕು ಸಾವಿರ ಆಗುತ್ತೆ, ಸಾವಿರಕ್ಕೆ ಐವತ್ತು. ಪ್ಲೇಟಿನ ಖರ್ಚು ಎರಡಕ್ಕೂ ಒಂದೇ. ಮೇಲೆ ಬೀಳೋದು ಪೇಪರ್ರು, ಬೈಂಡಿಂಗು ಅಷ್ಟೇ."

ಪ್ರೆಸ್ಸಿನವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಡೆಮಿ ಒನ್ ಬೈ ಎಯ್ಟ್, 144 ಪುಟ, ಹದಿನಾರು ಪುಟದ ಒಂಬತ್ತು ಫಾರಂ. ಐನೂರು ಮಾಡಿಸಿದರೆ ಪ್ರತಿಗೆ 68 ರೂಪಾಯಿ, ಸಾವಿರಕ್ಕೆ 50. ಇಪ್ಪತ್ತೆರಡು ವರ್ಷ ಶಿವಮೊಗ್ಗದ ಬ್ಯಾಂಕೊಂದರಲ್ಲಿ ಸಣ್ಣ ಉದ್ದಿಮೆಯವರ ಸಾಲದ ಅರ್ಜಿ ತಿರುವಿ ಹಾಕಿದವಳು ನಾನು. ಪ್ರತಿಗೆ 18 ರೂಪಾಯಿ ಉಳಿಯುತ್ತದೆ ಎಂದು ಅಲ್ಲೇ ಚೀಟಿಯ ಹಿಂದೆ ಗುಣಿಸಿ ಸಾವಿರಕ್ಕೆ ಹೂಂ ಅಂದೆ. ಎಷ್ಟು ಜನ ಕೊಳ್ಳುತ್ತಾರೆ ಎಂಬ ಕಾಲಂ ಆ ಚೀಟಿಯಲ್ಲಿ ಇರಲಿಲ್ಲ.

ಅದು 2022. ನನ್ನ ಮೊದಲ ಕಥಾಸಂಕಲನ. ಎರಡು ಪ್ರಕಾಶನದವರು ಹಸ್ತಪ್ರತಿ ಇಟ್ಟುಕೊಂಡು ವರ್ಷ ಕಳೆದರೂ ಸುದ್ದಿಯಿಲ್ಲದಾಗ ನಾನೇ ಹಾಕಿಸುತ್ತೇನೆ ಎಂದು ಹೊರಟೆ. ಸ್ವಂತ ದುಡ್ಡಲ್ಲಿ ಹಾಕಿಸಿಕೊಂಡದ್ದಾ ಎಂದು ಮೂಗೆಳೆದವರೂ ಇದ್ದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಕೂತು ತಮ್ಮ ಪುಸ್ತಕ ತಾವೇ ಪ್ರಕಟಿಸಿದವರು, ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು ಎಂದು ಉತ್ತರ ಕೊಡುತ್ತಿದ್ದೆ. ಗಳಗನಾಥರು ನಡೆದ ದಾರಿಯ ಉದ್ದ ಆಗ ನನಗೆ ಗೊತ್ತಿರಲಿಲ್ಲ, ಅಷ್ಟೇ.

ಅವಧಿ ಮುಗಿದ ಆರ್‌ಡಿಯಿಂದ 80,000 ತೆಗೆದೆ. ಮುದ್ರಣಕ್ಕೆ 50,000, ಡಿಟಿಪಿ ಮತ್ತು ಕರಡು ತಿದ್ದಿದ್ದಕ್ಕೆ 7,000, ಮುಖಪುಟಕ್ಕೆ 4,000. ಐಎಸ್‌ಬಿಎನ್ ಪುಕ್ಕಟೆ ಸಿಗುತ್ತದೆ, ಅದೊಂದು ಪುಣ್ಯ. ಉಳಿದ 19,000 ಹೋಗಿದ್ದು ಬಿಡುಗಡೆಗೆ. ಸಭಾಂಗಣದ ಬಾಡಿಗೆ, ಬ್ಯಾನರ್, ಶಾಲು, ಹಣ್ಣಿನ ಬುಟ್ಟಿ, ಅತಿಥಿಗಳ ಕಾರು, ಫೋಟೊದವನು, ನೂರಾ ಇಪ್ಪತ್ತು ಜನಕ್ಕೆ ಕೇಸರಿಬಾತು, ಉಪ್ಪಿಟ್ಟು, ಕಾಫಿ. ಅವತ್ತು 150ರ ಪುಸ್ತಕ ನೂರಕ್ಕೆ ಕೊಟ್ಟೆವು. ಖರ್ಚಾದದ್ದು 64. ಮರುದಿನ ಕೂಡಿಸಿ ನೋಡಿದರೆ ಪುಸ್ತಕದಿಂದ ಬಂದದ್ದು 6,400, ಉಪ್ಪಿಟ್ಟು-ಕಾಫಿಯ ಬಿಲ್ಲು 8,400.

ಗೌರವ ಪ್ರತಿಯದ್ದು ಬೇರೆಯೇ ಕಥೆ. ಮುನ್ನುಡಿ, ಬೆನ್ನುಡಿ ಬರೆದವರಿಗೆ, ಪತ್ರಿಕೆಗಳಿಗೆ ಕೊಡಲೇಬೇಕು, ಸರಿ. "ಏನ್ರೀ, ಪುಸ್ತಕ ತಂದ್ರಂತೆ, ನಮಗಿಲ್ವಾ?" ಎಂದು ಮದುವೆಮನೆಯ ಊಟದ ಪಂಕ್ತಿಯಲ್ಲಿ ಕೇಳಿದವರಿಗೆ ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ಹಾಗೆ ಹೋದವು 110. ಅದೇ ಜನ ನನ್ನ ಹತ್ತಿರ ಒಂದು ಸೀರೆಯನ್ನು ಗೌರವ ಪ್ರತಿಯಾಗಿ ಕೇಳುತ್ತಿರಲಿಲ್ಲ.

ಅಂಗಡಿಗಳಿಗೆ 250 ಕೊಟ್ಟೆ, ನೂರಕ್ಕೆ ನಲವತ್ತು ಕಮಿಷನ್, ಮಾರಿದ ಮೇಲೆ ಹಣ. ಎಂಟು ತಿಂಗಳು ಕಳೆದ ಮೇಲೆ 130ರ ದುಡ್ಡು ಬಂತು, 11,700. ಐವತ್ತು ಅಂಚು ಮುದುಡಿ ವಾಪಸ್ ಬಂದವು. ಉಳಿದ ಎಪ್ಪತ್ತರ ಲೆಕ್ಕ "ನೋಡಿ ಹೇಳ್ತೀವಿ ಮೇಡಂ" ಎಂಬಲ್ಲಿಗೆ ಇವತ್ತಿಗೂ ನಿಂತಿದೆ. ಅಂಚೆಯಲ್ಲಿ ನಾನೇ ಕಳಿಸಿದ್ದು 140. ಅಂಚೆವೆಚ್ಚ, ಕವರು ಕಳೆದು ಕೈಗೆ ದಕ್ಕಿದ್ದು 15,400. ಗ್ರಂಥಾಲಯದ ಸಗಟು ಖರೀದಿಗೆ ಅರ್ಜಿ ಹಾಕುವ ಕೊನೆಯ ದಿನವನ್ನು ಮರೆತು ಕೂತಿದ್ದೆ. ಬೇರೆಯವರ ಕಂತಿನ ದಿನಾಂಕ ಬಾಯಿಪಾಠ ಇದ್ದವಳು!

ಒಟ್ಟು ಬಂದದ್ದು 33,500. ಕೈ ಬಿಟ್ಟದ್ದು 46,500. ದಿವಾನದ ಕೆಳಗೆ ರಟ್ಟಿನ ಪೆಟ್ಟಿಗೆಗಳಲ್ಲಿ ಉಳಿದದ್ದು 486.

ಆ ಮಳೆಗಾಲದಲ್ಲಿ ಗೆದ್ದಲು ಬಂತೇನೋ ಎಂದು ಪೆಟ್ಟಿಗೆ ಎಳೆದು ಎಣಿಸುವಾಗ ಆ ಅಂಕಿ ಕಣ್ಣಿಗೆ ಚುಚ್ಚಿತು. ಕಮ್ಮಿ ರೇಟು ಎಂದು ಹದಿನಾರು ಸಾವಿರ ಹೆಚ್ಚಿಗೆ ಕೊಟ್ಟು ಮಾಡಿಸಿದ ಐನೂರು ಹೆಚ್ಚುಕಮ್ಮಿ ಹಾಗೇ ಕೂತಿತ್ತು. ಆದರೂ ಮನಸ್ಸು ಕೇಳಬೇಕಲ್ಲ: 486ನ್ನು 150ರಿಂದ ಗುಣಿಸಿದರೆ 72,900, ಅಂದರೆ ನನಗೆ ಲಾಭವೇ ಇದೆ! ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ ಹಳೇ ದಾಸ್ತಾನಿಗೆ ಪೂರ್ತಿ ಬೆಲೆ ಕಟ್ಟಿ ತರುತ್ತಿದ್ದ ಬಟ್ಟೆ ಅಂಗಡಿಯವರನ್ನು ನಾನು ಎಷ್ಟು ಸಲ ವಾಪಸ್ ಕಳಿಸಿಲ್ಲ! ಆರು ತಿಂಗಳಿಂದ ಅಲುಗಾಡದ ಮಾಲಿಗೆ ಬೆಲೆಯಿಲ್ಲ ಸ್ವಾಮಿ ಎಂದು ಕೆಂಪು ಪೆನ್ನಿನಲ್ಲಿ ಗೀಟು ಎಳೆಯುತ್ತಿದ್ದದ್ದು ಇದೇ ಕೈ.

ಎರಡನೆಯದು 2025ರಲ್ಲಿ ಬಂತು. ಡಿಜಿಟಲ್ ಮುದ್ರಣ, ಇನ್ನೂರೇ ಪ್ರತಿ. ಒಂದೊಂದಕ್ಕೆ 92 ರೂಪಾಯಿ ಬಿತ್ತು. ಪ್ರೆಸ್ಸಿನ ಹುಡುಗ ಮತ್ತೆ ಐನೂರರ ರೇಟು ಹೇಳಲು ಬಾಯಿ ತೆರೆದ, ಬೇಡಪ್ಪ ಅಂದೆ. ಅಚ್ಚಿಗೆ ಕೊಡುವ ಮೊದಲೇ ವಾಟ್ಸ್ಆ್ಯಪ್‌ನಲ್ಲಿ ಹಾಕಿ, ಪ್ರಕಟಣಪೂರ್ವ ಬೆಲೆ 150 ಅಂದೆ. 121 ಜನ ಹಣ ಕಳಿಸಿದರು, 18,150. ಬಿಡುಗಡೆ ಇಲ್ಲ, ಗೆಳತಿಯ ಮನೆಯ ಹಾಲ್‌ನಲ್ಲಿ ಒಂದು ಕಥೆ ಓದಿದೆ, ಅವಲಕ್ಕಿ ಅವಳದೇ. ಆಮೇಲೆ ಐವತ್ತು ಪ್ರತಿ 180ರಂತೆ ಹೋದವು. ಹೊಡೆತ ಬಿದ್ದದ್ದು ಅಂಚೆಯಲ್ಲಿ. ಪುಸ್ತಕಕ್ಕೆಂದೇ ಕಮ್ಮಿ ದರದಲ್ಲಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ ಸೇವೆಯನ್ನು 2024ರ ಡಿಸೆಂಬರ್‌ನಲ್ಲಿ ನಿಲ್ಲಿಸಿಬಿಟ್ಟರು. ನಮ್ಮಂಥ ಒಂದೊಂದೇ ಕವರು ಕಟ್ಟಿ ಕಳಿಸುವವರಿಗೆ ಅದು ಸಣ್ಣ ಸಂಗತಿಯಲ್ಲ.

ಮುಖಪುಟದ 3,000, ಅಂಚೆ, ಎಲ್ಲ ಸೇರಿಸಿದರೆ ಈ ಸಲವೂ ಎರಡು ಸಾವಿರದಷ್ಟು ಕೈಯಿಂದ ಹೋಗಿದೆ. ನನ್ನ ಸಂಜೆಗಳಿಗೆ ಬೆಲೆ ಕಟ್ಟಿಲ್ಲ. ಕಟ್ಟಿದರೆ ಸಾಲ ಮಂಜೂರಾಗದ ಅರ್ಜಿ ಇದು. ಆದರೆ ಆರ್‌ಡಿ ಮುಟ್ಟಿಲ್ಲ, ದಿವಾನದ ಕೆಳಗೆ ಹೊಸ ಪೆಟ್ಟಿಗೆಯೂ ಬಂದಿಲ್ಲ.

ಹೋದ ತಿಂಗಳು ಮೈದುನ ಫೋನ್ ಮಾಡಿದ್ದ. "ಅತ್ತಿಗೆ, ನಿಮ್ಮ ಮೊದಲನೇ ಪುಸ್ತಕ ಯಾರೋ ಓದೋಕೆ ಅಂತ ತಗೊಂಡು ಹೋದ್ರು. ಇನ್ನೊಂದು ಗೌರವ ಪ್ರತಿ ಇದ್ರೆ ಕಳಿಸ್ತೀರಾ?" ಪೆಟ್ಟಿಗೆಯಿಂದ ಒಂದು ತೆಗೆದು ಒರೆಸಿ ಪಕ್ಕದಲ್ಲಿಟ್ಟೆ, ಕ್ಯೂಆರ್ ಕೋಡ್ ಕಳಿಸಿದೆ. ಎರಡು ದಿನ ಸುದ್ದಿಯಿಲ್ಲ. ಮೂರನೇ ದಿನ 150 ರೂಪಾಯಿ ಬಂತು, ಅಂಚೆವೆಚ್ಚ ಬಿಟ್ಟು.