ಹಿಂದಿನ ದೀಪ ಕೈಕೊಟ್ಟರೆ ಬಲ್ಬ್ ಬದಲಿಸುವ ಮೊದಲು ಅರ್ಥ್ ನೋಡಿ



ಈ ವಾರ ಗಿಡದ ರೋಗ ಬಿಟ್ಟು ಗಾಡಿಯ ರೋಗದ ಬಗ್ಗೆ ಮಾತಾಡೋಣ. ಸೊಪ್ಪು, ತರಕಾರಿ ಬೆಳೆಯೋ ನಾವು ನಸುಕಿಗೇ ಮಾರ್ಕೆಟ್‌ಗೆ ಹೊರಡೋರು. ಕಳೆದ ಚಳಿಗಾಲ ಮಂಜಿನಲ್ಲಿ ನನ್ನ ಕಾರಿನ ಹಿಂದೆ ಬಂದ ಹುಡುಗ ಕೊನೇ ಗಳಿಗೆಯಲ್ಲಿ ಬ್ರೇಕ್ ಹಿಡಿದು ಬೈಕ್ ಸಮೇತ ಬಿದ್ದ. ಮೊಣಕೈ ತರಚಿತು, ಅಷ್ಟೇ ಪುಣ್ಯ. "ಅಣ್ಣಾ, ಎಡಗಡೆ ಒಂದೇ ಲೈಟ್ ಉರೀತಿತ್ತು, ಬೈಕ್ ಅಂದ್ಕೊಂಡು ಬಲಗಡೆಯಿಂದ ಮುಂದೆ ಹೋಗಕ್ಕೆ ಬಂದೆ" ಅಂದ. ಮೀಟರ್ ಬೋರ್ಡಿನಲ್ಲಿ ಬಲ್ಬ್ ಎಚ್ಚರಿಕೆ ಮೂರು ದಿನದಿಂದ ಉರೀತಾನೇ ಇತ್ತು. ಎರಡು ಸಲ ಬಲ್ಬ್ ಬದಲಿಸಿ ಸುಮ್ಮನಾಗಿದ್ದೆ. ತಪ್ಪು ನನ್ನದೇ.

ಎಲೆ ಹಳದಿಯಾದಾಗ ಎಲೆಗೇ ಔಷಧಿ ಹೊಡೆದು ಬೇರು ಮರೆಯೋ ಹಾಗೆ ನಾನು ಮಾಡಿದ್ದು. ಕರೆಂಟ್ ಬಲ್ಬಿಗೆ ಬಂದರೆ ಸಾಲದು, ಬಾಡಿ ಮೂಲಕ ಬ್ಯಾಟರಿಗೆ ವಾಪಸ್ ಹೋಗಬೇಕು. ಆ ದಾರಿಯೇ ಅರ್ಥ್. ಅಲ್ಲಿ ತುಕ್ಕು ಹಿಡಿದರೆ ಹೊಸ ಬಲ್ಬೂ ಸರಿಯಾಗಿ ಉರಿಯಲ್ಲ.

ಪರೀಕ್ಷೆ ಮಾಡೋ ಕ್ರಮ

1. ಸಂಜೆ ಗಾಡೀನ ಗೋಡೆಗೆ ಹಿಮ್ಮುಖವಾಗಿ ನಿಲ್ಲಿಸಿ. ಲೈಟ್ ಹಾಕಿ, ಬ್ರೇಕ್ ಒತ್ತಿ, ಇಂಡಿಕೇಟರ್ ಹಾಕಿ. ಒಬ್ಬರೇ ಇದ್ದರೂ ಗೋಡೆ ಮೇಲಿನ ಬೆಳಕು ಕನ್ನಡಿಯಲ್ಲಿ ಕಾಣುತ್ತೆ.

2. ಬ್ರೇಕ್ ಒತ್ತಿದಾಗ ಹಿಂದಿನ ದೀಪ ಮಂಕಾದರೆ, ಅಥವಾ ಸಂಬಂಧವಿಲ್ಲದ ಇಂಡಿಕೇಟರ್ ಮಿಣಮಿಣ ಅಂದರೆ, ಮೊದಲ ಅನುಮಾನ ಅರ್ಥ್ ಮೇಲೆ.

3. ಲೈಟ್ ಆಫ್ ಮಾಡಿ, ಬಲ್ಬ್ ಆರಿದ ಮೇಲೆ ಬಿಚ್ಚಿ. ತುಂಬಾ ಕಾರುಗಳಲ್ಲಿ 21/5 ವ್ಯಾಟ್‌ನ ಎರಡು ತಂತಿಯ ಬಲ್ಬ್ ಇರುತ್ತೆ: 5 ವ್ಯಾಟ್ ಹಿಂದಿನ ದೀಪಕ್ಕೆ, 21 ವ್ಯಾಟ್ ಬ್ರೇಕಿಗೆ. ಇದರ ಪಕ್ಕದ ಎರಡು ಪಿನ್ ಒಂದೇ ಎತ್ತರದಲ್ಲಿ ಇರಲ್ಲ. ಒಂದು ತಂತಿಯ ಬಲ್ಬನ್ನು ಅಲ್ಲಿ ಬಲವಂತವಾಗಿ ತುರುಕಬೇಡಿ, ಎರಡೂ ಲೈನ್ ಕೂಡಿಹೋಗುತ್ತೆ.

4. ಹೋಲ್ಡರಿನಲ್ಲಿ ಹಸಿರು ಕಿಲುಬು ಇದ್ದರೆ ಉಪ್ಪು ಕಾಗದದಿಂದ ಮೆಲ್ಲಗೆ ಉಜ್ಜಿ. ಅರ್ಥ್ ವೈರ್ ಬಾಡಿಗೆ ಸೇರೋ ಬೋಲ್ಟ್ ಬಿಚ್ಚಿ, ಲೋಹ ಹೊಳೆಯೋವರೆಗೆ ಕೆರೆದು, ಬಿಗಿ ಮಾಡಿ, ಮೇಲೆ ತೆಳ್ಳಗೆ ವ್ಯಾಸಲಿನ್ ಸವರಿ.

5. ಅನುಮಾನ ಉಳಿದರೆ ಹೋಲ್ಡರಿನ ಅರ್ಥ್ ಕಾಲಿನಿಂದ ಬಾಡಿಯ ಬರಿ ಲೋಹಕ್ಕೆ ಒಂದು ತುಂಡು ವೈರ್ ಹಿಡಿದು ನೋಡಿ. ದೀಪ ಸರಿಯಾಗಿ ಉರಿದರೆ ರೋಗ ಸಿಕ್ಕಿತು.

ಎರಡೂ ಬ್ರೇಕ್ ಲೈಟ್ ಒಟ್ಟಿಗೆ ಸತ್ತಿದ್ದರೆ ಫ್ಯೂಸ್ ಮತ್ತು ಪೆಡಲ್ ಮೇಲಿನ ಸ್ವಿಚ್ ನೋಡಿ. ಫ್ಯೂಸ್ ಮತ್ತೆ ಮತ್ತೆ ಹೋದರೆ ದೊಡ್ಡ ಫ್ಯೂಸ್ ಅಥವಾ ತಂತಿ ಸುತ್ತಬೇಡಿ, ವೈರಿಂಗ್ ಸುಟ್ಟೀತು. ಇಲಿ ಕಡಿದ ಜಾಗ, ಡಿಕ್ಕಿ ಬಾಗಿಲಿನ ಕೀಲಿನ ಹತ್ತಿರ ಮಡಚಿ ಮಡಚಿ ತುಂಡಾದ ವೈರ್ ಹುಡುಕಿ.

ಎಲ್‌ಇಡಿ ಹಾಕಿದ ಮೇಲೆ ಎಚ್ಚರಿಕೆ ಬಂದರೆ

ಎಚ್ಚರಿಕೆ ಕೊಡೋ ಕಾರುಗಳಲ್ಲಿ ಸಾಮಾನ್ಯವಾಗಿ ಬಲ್ಬ್ ಎಷ್ಟು ಕರೆಂಟ್ ಎಳೀತಿದೆ ಅಂತ ಗಾಡಿಯೇ ನೋಡ್ತಿರುತ್ತೆ. 12 ವೋಲ್ಟಿನಲ್ಲಿ 21 ವ್ಯಾಟ್ ಬಲ್ಬ್ ಸುಮಾರು 1.75 ಆಂಪಿಯರ್ ಎಳೆಯುತ್ತೆ. ಎಲ್‌ಇಡಿ ಅದಕ್ಕಿಂತ ತುಂಬಾ ಕಮ್ಮಿ. ಹಾಗಾಗಿ ದೀಪ ಉರೀತಿದ್ದರೂ ಗಾಡಿ 'ಬಲ್ಬ್ ಹೋಗಿದೆ' ಅನ್ನುತ್ತೆ, ಇಂಡಿಕೇಟರ್ ಪಟಪಟ ಬಡಿಯುತ್ತೆ. ಇದಕ್ಕೆ ರೆಸಿಸ್ಟರ್ ಮಾರ್ತಾರೆ, ಆದರೆ ಅದು ವಿಪರೀತ ಬಿಸಿಯಾಗುತ್ತೆ, ಪ್ಲಾಸ್ಟಿಕ್ ಪಕ್ಕ ಅಪಾಯ. ಕಂಪನಿ ಹೇಳಿದ ವ್ಯಾಟ್‌ನ ಮಾಮೂಲಿ ಬಲ್ಬೇ ಅಗ್ಗ, ನೆಮ್ಮದಿ.

ನಮ್ಮಂಥವರಿಗೆ ಒಂದು ಮಾತು

ನನ್ನ ಕಾರಿನ ಬಲಗಡೆ ಹೋಲ್ಡರ್ ಹಾಳಾಗಿದ್ದು ಡಿಕ್ಕಿಯಲ್ಲಿ ಚೆಲ್ಲಿದ ಗೋಮೂತ್ರದಿಂದ. ಜೀವಾಮೃತ, ಗೊಬ್ಬರದ ನೀರು ಯಾವುದೇ ಆಗಲಿ, ಅದರ ಉಪ್ಪಿನಂಶ ಲೋಹ ತಿನ್ನುತ್ತೆ. ಕ್ಯಾನಿನ ಮುಚ್ಚಳ ಬಿಗಿ ಮಾಡಿ, ಕೆಳಗೆ ಟ್ರೇ ಇಡಿ. ಟ್ರ್ಯಾಕ್ಟರ್ ಟ್ರೈಲರ್ ಇರೋರು ಕಬ್ಬು, ಹುಲ್ಲು ಹೇರಿದ ಮೇಲೂ ದೀಪ ಕಾಣುತ್ತಾ ಅಂತ ಇಳಿದು ನೋಡಿ. ಹಿಂದೆ ಎರಡೂ ತುದಿಗೆ ಕೆಂಪು ರಿಫ್ಲೆಕ್ಟರ್ ಟೇಪ್ ಅಂಟಿಸಿ.

ಇಷ್ಟೆಲ್ಲ ಕೆಲಸ ಅರ್ಧ ಗಂಟೆಯದ್ದು. ಲೋಡ್ ಮಾಡೋ ಮೊದಲು ಗಾಡಿ ಹಿಂದೆ ಒಂದು ಸುತ್ತು ಹಾಕಿ ಬನ್ನಿ. ಆ ದೀಪ ಇರೋದು ನಮಗಲ್ಲ, ಹಿಂದೆ ಬರೋ ಮನೆಮಗನಿಗೆ.