ಬೆಳೆಯುವ ಮಕ್ಕಳ ಊಟ: ನಂಬಿಕೆ ಯಾವುದು, ನಿಜ ಯಾವುದು?



ಪೈರು ತೆನೆಗಟ್ಟುವ ಹೊತ್ತಿನಲ್ಲಿ ನೀರು ತಪ್ಪಿದರೆ ಆಮೇಲೆ ಎಷ್ಟು ಹಾಯಿಸಿದರೂ ಕಾಳು ತುಂಬದು. ಇದನ್ನು ನೀವು ಬಲ್ಲಿರಿ. ಮಕ್ಕಳಿಗೂ ಅಂಥದೊಂದು ಕಾಲವುಂಟು. 12ರಿಂದ 18 ವರ್ಷದೊಳಗೆ ಎಲುಬು ಬಲಿಯುತ್ತದೆ, ಮೈಯಲ್ಲಿ ರಕ್ತ ಹೆಚ್ಚಬೇಕಾಗುತ್ತದೆ. ಸರಿಯಾಗಿ ಇದೇ ವಯಸ್ಸಿನಲ್ಲಿ ಕೆಲವು ತಪ್ಪು ನಂಬಿಕೆಗಳು ಅವರ ತಟ್ಟೆಯನ್ನು ಬರಿದು ಮಾಡುತ್ತವೆ. ಅವನ್ನು ಒಂದೊಂದಾಗಿ ನೋಡೋಣ.

1. "ಗೇಯುವವನು ಮಗ, ಅವನಿಗೇ ಹೆಚ್ಚು ಬಡಿಸಬೇಕು."

ಅವನು ಹೊಟ್ಟೆ ತುಂಬ ಉಣ್ಣಲಿ. ಆದರೆ ಕಬ್ಬಿಣದ ಅಂಶ ಮಗಳಿಗೇ ಹೆಚ್ಚು ಬೇಕು. 13ರಿಂದ 15 ವರ್ಷದ ಹುಡುಗನಿಗೆ ದಿನಕ್ಕೆ 22 ಮಿಲಿಗ್ರಾಂ ಸಾಕಾದರೆ ಹುಡುಗಿಗೆ 30 ಮಿಲಿಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ತಿಳಿಸಿದೆ. ತಿಂಗಳು ತಿಂಗಳು ಆಗುವ ರಕ್ತದ ನಷ್ಟವನ್ನು ಊಟವೇ ತುಂಬಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ, ಹುಡುಗರಲ್ಲಿ 31 ಮಂದಿಗೆ ರಕ್ತಹೀನತೆ ಇತ್ತು. ಮಗು ಬೇಗ ಏದುಸಿರು ಬಿಟ್ಟರೆ, ಕಣ್ಣಿನ ಒಳರೆಪ್ಪೆ ಬಿಳಿಚಿದ್ದರೆ, ಸೋಮಾರಿಯೆಂದು ಗದರಬೇಡಿ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿರಿ.

2. "ಮೈನೆರೆದ ಹುಡುಗಿಗೆ ಮೊಟ್ಟೆ, ಪರಂಗಿಹಣ್ಣು, ಕಡಲೆಕಾಯಿ ಉಷ್ಣ."

ಮೈಗೆ ಒಗ್ಗದ ಕೆಲವರನ್ನು ಬಿಟ್ಟರೆ ಇವುಗಳಿಂದ ಯಾವ ಕೇಡೂ ಇಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು ಇದೆ. ಮುಟ್ಟಿನ ದಿನಗಳಲ್ಲಿಯೂ ಕೊಡಬಹುದು.

3. "ಮುದ್ದೆ ಬಡವರ ಊಟ, ಅನ್ನವೇ ಮೇಲು."

100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶವಿದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಸುಮಾರು 10 ಮಿಲಿಗ್ರಾಂ ಮಾತ್ರ. ಬಲಿಯುವ ಎಲುಬಿಗೆ ಯಾವುದು ಮೇಲೆಂದು ನೀವೇ ಹೇಳಿ.

4. "ಅಂಗಡಿಯ ಡಬ್ಬಿಪುಡಿ ಕುಡಿದರೆ ಮಗ ಎತ್ತರವಾಗುತ್ತಾನೆ."

ಎತ್ತರ ಬಹುಮಟ್ಟಿಗೆ ತಾಯಿತಂದೆಯರಿಂದ ಬರುವುದು. ಉಳಿದುದಕ್ಕೆ ಕಾಳು, ಹಾಲು, ಸೊಪ್ಪು, ಮೊಟ್ಟೆ ಸಾಕು. ಡಬ್ಬಿಯ ದುಡ್ಡಿಗೆ ಮನೆಮಂದಿಗೆಲ್ಲ ಕಡಲೆಕಾಯಿ, ಹುರುಳಿಕಾಳು ಬರುತ್ತದೆ.

5. "ಶಾಲೆಯ ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾಗುತ್ತದೆ, ಅದು ವಿಷ."

ಕಪ್ಪಾಗುವುದು ಸಹಜ, ಭಯವಿಲ್ಲ. ವಾರಕ್ಕೊಂದು ನೀಲಿ ಮಾತ್ರೆಯನ್ನು ಊಟವಾದ ಮೇಲೆ ನುಂಗಲಿ. ಬರಿ ಹೊಟ್ಟೆಯಲ್ಲಿ ಬೇಡ. ಜಂತುಹುಳುವಿನ ಮಾತ್ರೆಯನ್ನೂ ತಪ್ಪಿಸಬೇಡಿ.

ಇನ್ನೊಂದು ಮಾತು. ಸೊಪ್ಪು, ಕಾಳಿನ ಕಬ್ಬಿಣದ ಅಂಶ ಮೈಗೆ ಹತ್ತಲು ಹುಳಿಯ ನೆರವು ಬೇಕು. ಸಾರಿಗೆ ನಿಂಬೆಹಣ್ಣು ಹಿಂಡಿ, ಇಲ್ಲವೆ ಒಂದು ನೆಲ್ಲಿಕಾಯಿ ಕೊಡಿ. ಊಟದ ಜೊತೆಗೆ ಚಹಾ ಬೇಡ. ಒಂದು ಗಂಟೆಯಾದರೂ ಕಳೆಯಲಿ.

ಎಲ್ಲರೂ ಉಂಡ ಮೇಲೆ ಉಳಿದುದು ಮಗಳಿಗೆ ಎಂಬ ರೂಢಿಯನ್ನು ಇಂದೇ ಬಿಡಿರಿ. ಬಿತ್ತನೆಗೆಂದು ಒಳ್ಳೆಯ ಕಾಳನ್ನು ಮೊದಲೇ ತೆಗೆದಿಡುವವರು ನೀವು. ಸಂತೆಗೆ ಹೊರಡುವ ಮೊಟ್ಟೆ, ಹಾಲು, ಸೊಪ್ಪಿನಲ್ಲಿ ಮಕ್ಕಳ ಪಾಲನ್ನೂ ಹಾಗೆಯೇ ಮೊದಲು ತೆಗೆದಿಡಿರಿ.

— ನಿಮ್ಮ ಗ್ರಾಮಸೇವಕ