ಶುಗರ್ ಲೋ ಆದಾಗ ಮೂರು ಚಮಚ ಗ್ಲೂಕೋಸ್

ಇನ್ಸುಲಿನ್ ಚುಚ್ಚಿಕೊಂಡ ಮೇಲೆ ತಿಂಡಿ ತಡವಾದರೆ, ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗಿ ಏಕಾದಶಿ ಉಪವಾಸ ಮಾಡಿದರೆ ರಕ್ತದ ಸಕ್ಕರೆ ದಿಢೀರನೆ ಇಳಿಯಬಹುದು. ಮಧುಮೇಹಿಗಳ ಮನೆಯಲ್ಲಿ ಸಿಹಿಗೆ ಹೆದರಿ ಹೆದರಿ ಅಭ್ಯಾಸವಾಗಿರುತ್ತದೆ. ಈ ಗಳಿಗೆಯಲ್ಲಿ ಮಾತ್ರ ಸಿಹಿಯೇ ಮದ್ದು, ಕೊಡಲು ಹಿಂಜರಿಯಬೇಡಿ. ಮಿದುಳು ಕೆಲಸ ಮಾಡುವುದೇ ಹೆಚ್ಚಾಗಿ ಗ್ಲೂಕೋಸ್ ಬಲದಿಂದ.

ಮೊದಲು ಗುರುತು ಹಿಡಿಯಿರಿ. ಫ್ಯಾನ್ ಕೆಳಗೆ ಕೂತಿದ್ದರೂ ಹಣೆ, ಕುತ್ತಿಗೆ ಬೆವರುತ್ತದೆ. ಅಂಗಿಯ ಗುಂಡಿ ಹಾಕಲು ಹೋದರೆ ಬೆರಳು ನಡುಗುತ್ತದೆ. ಎದೆ ಡವಡವ, ವಿಪರೀತ ಹಸಿವು. ಇನ್ನೂ ಇಳಿದರೆ ಮಾತು ತೊದಲುತ್ತದೆ, ಕಾರಣವಿಲ್ಲದೆ ರೇಗುತ್ತಾರೆ, 'ನನಗೇನೂ ಆಗಿಲ್ಲ' ಎನ್ನುತ್ತಾರೆ. ಆ ಮಾತನ್ನು ನಂಬಬೇಡಿ. ಕೆಲವು ಬಿಪಿ ಮಾತ್ರೆಗಳು ಎದೆಬಡಿತವನ್ನು ಮರೆಮಾಚುತ್ತವೆ, ಹಾಗಾಗಿ ಬೆವರಿನ ಮೇಲೆ ಕಣ್ಣಿಡಿ. ಗ್ಲುಕೋಮೀಟರ್ 70ಕ್ಕಿಂತ ಕಡಿಮೆ ತೋರಿಸಿದರೆ ಲೋ ಎಂದರ್ಥ. ಮೀಟರ್ ಕೈಗೆ ಸಿಗದಿದ್ದರೆ ಹುಡುಕುತ್ತಾ ಕೂರದೆ ಮುಂದಿನ ಕೆಲಸ ಮಾಡಿ.

ಬೇಕಾದದ್ದು 15 ಗ್ರಾಂ ಗ್ಲೂಕೋಸ್. ಮೂರು ಟೀ ಚಮಚ ತುಂಬ ಪುಡಿಯನ್ನು ಅರ್ಧ ಲೋಟ ನೀರಿಗೆ ಕಲಸಿ ಕುಡಿಸಿ. ಪುಡಿ ಇಲ್ಲದಿದ್ದರೆ ಮೂರು ಚಮಚ ಸಕ್ಕರೆಯ ನೀರು, ಇಲ್ಲವೇ ಸುಮಾರು 150 ಮಿಲಿ ಕೋಲಾ ಆದೀತು. 'ಡಯಟ್', 'ಝೀರೋ ಶುಗರ್' ಎಂದು ಬರೆದ ಬಾಟಲಿಯಿಂದ ಉಪಯೋಗವಿಲ್ಲ. ಮೈಸೂರು ಪಾಕ್, ಚಾಕೊಲೇಟ್ ಕೊಡುವವರೇ ಹೆಚ್ಚು. ಅವುಗಳಲ್ಲಿರುವ ಕೊಬ್ಬಿನಿಂದಾಗಿ ಸಕ್ಕರೆ ರಕ್ತ ಸೇರುವುದು ನಿಧಾನವಾಗುತ್ತದೆ. ಗ್ಲೂಕೋಸ್ ಒಡೆಯಬೇಕಾದ ಕೆಲಸವೇ ಇಲ್ಲ, ಕರುಳಿನಿಂದ ನೇರ ರಕ್ತಕ್ಕೆ ಹೋಗುತ್ತದೆ. ಸಕ್ಕರೆ ಮೊದಲು ಗ್ಲೂಕೋಸ್, ಫ್ರಕ್ಟೋಸ್ ಎಂದು ಒಡೆಯಬೇಕು. ಅಕಾರ್ಬೋಸ್, ವೋಗ್ಲಿಬೋಸ್ ಮಾತ್ರೆಗಳು ಈ ಒಡೆಯುವಿಕೆಯನ್ನೇ ತಡೆಯುವುದರಿಂದ ಅವನ್ನು ತೆಗೆದುಕೊಳ್ಳುವವರಿಗೆ ಗ್ಲೂಕೋಸನ್ನೇ ಕೊಡಬೇಕು. ನಿಂಬೆ, ಕಿತ್ತಳೆ ರುಚಿಯ ಪುಡಿಗಳಲ್ಲಿ ಸಕ್ಕರೆ ಬೆರೆತಿರಬಹುದು, ಕೊಳ್ಳುವಾಗ ಲೇಬಲ್ ಓದಿ. ಡೆಕ್ಸ್‌ಟ್ರೋಸ್ ಎಂದಿದ್ದರೆ ಅದು ಗ್ಲೂಕೋಸೇ.

ಇನ್ನು 15 ನಿಮಿಷ ಕಾಯಿರಿ. ಗಾಬರಿಯಲ್ಲಿ ಇಡೀ ಡಬ್ಬಿ ಸುರಿದರೆ ಆಮೇಲೆ ಶುಗರ್ 300 ದಾಟಬಹುದು. ಮತ್ತೆ ಪರೀಕ್ಷಿಸಿ, ಇನ್ನೂ 70ರ ಕೆಳಗಿದ್ದರೆ ಅಷ್ಟೇ ಅಳತೆಯಲ್ಲಿ ಇನ್ನೊಮ್ಮೆ ಕೊಡಿ. ಸರಿಹೋದ ಮೇಲೆ ಊಟದ ಹೊತ್ತು ದೂರವಿದ್ದರೆ ಎರಡು ಇಡ್ಲಿಯೋ ಸ್ವಲ್ಪ ಮೊಸರನ್ನವೋ ತಿನ್ನಿಸಿ, ಏಕೆಂದರೆ ಗ್ಲೂಕೋಸಿನ ಪರಿಣಾಮ ಬೇಗ ತೀರುತ್ತದೆ. ಗ್ಲಿಮೆಪಿರೈಡ್ ಬಗೆಯ ಮಾತ್ರೆ ತಿನ್ನುವ ವಯಸ್ಸಾದವರಿಗೆ, ಅದರಲ್ಲೂ ಕಿಡ್ನಿ ತೊಂದರೆ ಇದ್ದವರಿಗೆ, ಗಂಟೆಗಳ ನಂತರ ಮತ್ತೆ ಇಳಿಯಬಹುದು. ಚೇತರಿಸಿಕೊಂಡಂತೆ ಕಂಡರೂ ಅವರನ್ನು ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಜ್ಞೆ ತಪ್ಪಿದ್ದರೆ, ನುಂಗಲಾಗದಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ. ಅದು ಶ್ವಾಸಕೋಶಕ್ಕೆ ಇಳಿದು ಜೀವಕ್ಕೆ ಅಪಾಯವಾಗುತ್ತದೆ. ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಿ. ವೈದ್ಯರು ಗ್ಲುಕಗಾನ್ ಇಂಜೆಕ್ಷನ್ ಕೊಟ್ಟು ಕಲಿಸಿದ್ದರೆ ಅದನ್ನು ಕೊಡಿ.

15 ಗ್ರಾಂ ಗ್ಲೂಕೋಸಿನ ಪೊಟ್ಟಣಗಳನ್ನು ಮೊದಲೇ ಕಟ್ಟಿ ದಿಂಬಿನ ಪಕ್ಕ, ಕೈಚೀಲ, ಸ್ಕೂಟರ್ ಡಿಕ್ಕಿಯಲ್ಲಿ ಇಡಿ. ಆಫೀಸಿನಲ್ಲಿ ಪಕ್ಕದ ಮೇಜಿನವರಿಗೂ ಹೇಳಿರಿ. ಲೋ ಆದ ಹೊತ್ತು, ಮೀಟರಿನ ಅಂಕಿ, ಅಂದು ತಿಂದದ್ದನ್ನು ಬರೆದಿಟ್ಟು ವೈದ್ಯರಿಗೆ ತೋರಿಸಿ. ಔಷಧದ ಪ್ರಮಾಣ ಬದಲಿಸಬೇಕಾಗಬಹುದು.